ಪ್ರಗತಿ ವರದಿಯಲ್ಲಿ ಸ್ಥಿತಿ ಎಲ್ಲಿದೆ?

ಊರು ಬಿಟ್ಟು ದೂರದ ಪಟ್ಟಣಗಳಿಗೆ ಬಂದು ನೆಲೆಸಿದ ನಮಗೆ ಒಂದು ಕಾಲದಲ್ಲಿ ಕಾಗದ ಬರೆಯುವ ಅಭ್ಯಾಸವಿತ್ತು. ದೂರವಾಣಿ ಅಂಗೈಗೇ ಬಂದ ಮೇಲೆ ಆ ಅಭ್ಯಾಸ ತಪ್ಪಿತು. ಆದರೂ ಆ ಕಾಗದಗಳ ಒಕ್ಕಣೆಯನ್ನು ನಮ್ಮ ಹಿರಿಯರು ಮರೆತಿರಲಾರರು. ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ತಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಬರೆಯುತ್ತಿರಬೇಕು.’ ಕೆಲಸ ಹೋಗಿ ಎರಡು ತಿಂಗಳಾಗಿದ್ದರೂ ಮೊದಲ ಸಾಲು ಇದೇ. ಚಾಳಿನ ಕೋಣೆಯಲ್ಲಿ ಚಳಿಜ್ವರದಿಂದ ಮಲಗಿದ್ದರೂ ಮೊದಲ ಸಾಲು ಇದೇ. ‘ಕ್ಷೇಮ’ ಎಂಬುದು ಅಲ್ಲಿ ಸುದ್ದಿಯಾಗಿರಲಿಲ್ಲ, ಸಂಪ್ರದಾಯವಾಗಿತ್ತು.

ಮನೆಗೆ ಬರೆಯುವ ಕಾಗದದ ಈ ಸಂಪ್ರದಾಯ ಕಚೇರಿಗೂ ನಮ್ಮೊಡನೆಯೇ ಬಂದಂತಿದೆ. ಅಣೆಕಟ್ಟಾಗಲಿ, ಕಾರ್ಖಾನೆಯಾಗಲಿ, ಗಣಕಯಂತ್ರದ ತಂತ್ರಾಂಶವಾಗಲಿ, ಕೈಗೆತ್ತಿಕೊಂಡ ಯೋಜನೆ ಎಲ್ಲಿಗೆ ಬಂತೆಂದು ವಾರಕ್ಕೋ ತಿಂಗಳಿಗೋ ಒಮ್ಮೆ ಮೇಲಿನವರಿಗೆ ತಿಳಿಸಬೇಕಾದ ಹೊಣೆ ನಮ್ಮಲ್ಲಿ ಅನೇಕರಿಗಿದೆ. ಅದರಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬಹುದು ಎಂಬುದು ಬರಿಯ ಕಚೇರಿ ಪದ್ಧತಿಯ ವಿಷಯವೆಂದು ಮೇಲುನೋಟಕ್ಕೆ ತೋರುತ್ತದೆ. ಸ್ವಲ್ಪ ಯೋಚಿಸಿದರೆ ಇದು ಸತ್ಯವನ್ನು ಕುರಿತ ಪ್ರಶ್ನೆ ಎಂಬುದು ಮನಸ್ಸಿಗೆ ಬರುತ್ತದೆ.

ಮೊದಲು ಹೆಸರನ್ನೇ ನೋಡೋಣ. ಇಂಗ್ಲಿಷಿನಲ್ಲಿ ಇದನ್ನು ‘ಸ್ಟೇಟಸ್ ರಿಪೋರ್ಟ್’ ಎನ್ನುತ್ತಾರೆ. ಅಂದರೆ ಸ್ಥಿತಿಯ ವರದಿ. ನಮ್ಮ ಕಚೇರಿಗಳಲ್ಲಿ ಬಳಕೆಯಾಗುವ ಮಾತು ‘ಪ್ರಗತಿ ವರದಿ’. ಬರೆಯುವವನು ಲೇಖನಿ ತೆಗೆಯುವ ಮೊದಲೇ ಪ್ರಗತಿಯಾಗಿದೆ ಎಂದು ತಲೆಬರಹ ತೀರ್ಮಾನಿಸಿಬಿಟ್ಟಿರುತ್ತದೆ! ಕೆಲಸ ನಿಂತಿದ್ದರೆ, ಹಿಂದೆ ಸರಿದಿದ್ದರೆ, ಅದನ್ನು ಯಾವ ಕಲಮಿನಲ್ಲಿ ತುಂಬಿಸಬೇಕು? ಹೆಸರಿಗೆ ಮರ್ಯಾದೆ ತರಲೆಂದು ನಾವು ಹುಡುಕಿ ಹುಡುಕಿ ಪ್ರಗತಿಯನ್ನು ಬರೆಯುತ್ತೇವೆ.

ಇದನ್ನು ಅನ್ಯರ ದೋಷವೆಂದು ಹೇಳುತ್ತಿಲ್ಲ. ಬಹಳ ವರ್ಷಗಳ ಹಿಂದೆ ನಾವು ಇದ್ದ ಕಚೇರಿಯೊಂದು ನೌಕರರಿಗಾಗಿ ವಸತಿಗಳನ್ನು ಕಟ್ಟಿಸುತ್ತಿತ್ತು. ನೀರು ಸರಬರಾಜಿನ ಭಾಗಕ್ಕೆ ತಿಂಗಳ ವರದಿ ಬರೆಯುವುದು ನಮ್ಮ ಪಾಲಿಗೆ ಬಂದಿತ್ತು. ಕೊಳವೆ ಹಾಕಿ ಆಗಿತ್ತು, ಟ್ಯಾಂಕು ಎದ್ದು ನಿಂತಿತ್ತು. ಪಂಪುಗಳು ಮಾತ್ರ ಬಂದಿರಲಿಲ್ಲ. ಮುಂಗಡ ಹಣ ಸಂದಾಯವಾಗದ ಕಾರಣ ತಯಾರಕರು ಅವುಗಳ ಕೆಲಸವನ್ನೇ ಹಿಡಿದಿರಲಿಲ್ಲ. ಆ ಹಣದ ಕಾಗದಪತ್ರ ನಮ್ಮದೇ ಕಚೇರಿಯ ಒಂದು ಮೇಜಿನ ಮೇಲೆ ಸಹಿಗಾಗಿ ಕಾದು ಕುಳಿತಿತ್ತು. ನಾವು ಬರೆದದ್ದು ಇಷ್ಟು: ‘ಪಂಪುಗಳು ಬರಬೇಕಿವೆ. ಒಟ್ಟು ಪ್ರಗತಿ ಶೇಕಡಾ 90.’ ಮರುತಿಂಗಳು ಅದೇ ವಾಕ್ಯ, ಶೇಕಡಾ 92. ಅದರ ಮರುತಿಂಗಳು 94.

ಆ ವಾಕ್ಯದಲ್ಲಿ ಸುಳ್ಳು ಎಲ್ಲಿದೆ? ಪಂಪುಗಳು ಬರಬೇಕಿದ್ದುದು ನಿಜ. ನಾಳೆ ಬರುವ ಪಂಪೂ ಬರಬೇಕಿರುತ್ತದೆ, ಎಂದಿಗೂ ಬಾರದ ಪಂಪೂ ಬರಬೇಕಿರುತ್ತದೆ. ಶೇಕಡಾ 94ನ್ನು ನೋಡಿದ ಮೇಲಿನವರು ವಸತಿಗಳನ್ನು ಹಂಚಿದರು. ಬೇಸಗೆಯ ಆರಂಭದಲ್ಲಿ ಸಂಸಾರಗಳು ಬಾಡಿಗೆ ಮನೆಗಳನ್ನು ಬಿಟ್ಟು ಸಾಮಾನು ಸರಂಜಾಮಿನೊಡನೆ ಬಂದಿಳಿದವು. ನಲ್ಲಿಯಲ್ಲಿ ನೀರಿಲ್ಲ. ಎರಡು ತಿಂಗಳಿಗೂ ಮಿಕ್ಕಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಿಂತಿತು. ಒಂದು ದಿನ ಆ ಸಾಲಿನಲ್ಲಿದ್ದ ಧಾರವಾಡದ ಕಡೆಯ ಅಜ್ಜಿಯೊಬ್ಬರು, ನಾವು ಯಾರೆಂದು ತಿಳಿಯದೆ, ಕನ್ನಡದವರೆಂಬ ಸಲಿಗೆಯಿಂದ ಹೇಳಿದರು: “ಮೊದಲ ಹೇಳಿದ್ರ ಇನ್ನೆರಡ ತಿಂಗಳ ಅಲ್ಲೇ ಇರತಿದ್ವಲ್ಲೋ ತಮ್ಮಾ.”

ಆ ಅಜ್ಜಿಯ ಮಾತಿನಲ್ಲಿ ಪಂಪು ತಡವಾದುದಕ್ಕೆ ಸಿಟ್ಟಿರಲಿಲ್ಲ. ಕೆಲಸಗಳು ತಡವಾಗುತ್ತವೆಂಬುದು ಸಂಸಾರ ನಡೆಸಿದ ಎಲ್ಲರಿಗೂ ಗೊತ್ತು. ಮೊದಲೇ ಹೇಳಲಿಲ್ಲವಲ್ಲ ಎಂಬುದೇ ಅವರ ನೋವು. ಹೇಳಿದ್ದರೆ ಅವರು ಏನನ್ನಾದರೂ ಮಾಡಿಕೊಳ್ಳುತ್ತಿದ್ದರು. ನಾವು ಅವರಿಂದ ಕಸಿದುಕೊಂಡದ್ದು ನೀರನ್ನಲ್ಲ, ತಮ್ಮ ದಾರಿಯನ್ನು ತಾವು ನೋಡಿಕೊಳ್ಳುವ ಅವಕಾಶವನ್ನು. ವರದಿಯ ನೀತಿಯೆಲ್ಲವೂ ಈ ಒಂದು ಮಾತಿನಲ್ಲಿದೆಯೆಂದು ನಮಗೆ ತೋರುತ್ತದೆ. ಓದುವವನು ಏನಾದರೂ ಮಾಡಲು ಇನ್ನೂ ಕಾಲವಿರುವಾಗ, ಅದನ್ನು ಮಾಡಲು ಅವನಿಗೆ ಏನು ತಿಳಿದಿರಬೇಕೋ ಅದು ವರದಿಯಲ್ಲಿ ಇರಲೇಬೇಕು. ಅದನ್ನು ಬಿಟ್ಟು ಬೇರೆಲ್ಲವನ್ನೂ ಸತ್ಯವಾಗಿಯೇ ಬರೆದರೂ ಆ ವರದಿ ಸುಳ್ಳೇ.

ಇಂತಹ ಸುಳ್ಳಿಗೆ ಭಾಷೆಯೂ ಒತ್ತಾಸೆಯಾಗಿ ನಿಲ್ಲುತ್ತದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ಬರೆಯುತ್ತೇವೆ. ಯಾರು, ಯಾವಾಗ, ಯಾವ ಕ್ರಮ? ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ’ ಎನ್ನುತ್ತೇವೆ, ಮಳೆಯಂತೆ ವಿಳಂಬವೂ ಆಕಾಶದಿಂದ ಬಿದ್ದಿತೋ ಎಂಬಂತೆ. ಮನೆಯಲ್ಲಿ ಹಾಲು ಉಕ್ಕಿದಾಗ ‘ಹಾಲು ಉಕ್ಕಿಸಲ್ಪಟ್ಟಿತು’ ಎಂದು ಯಾವ ಗೃಹಿಣಿಯೂ ಹೇಳುವುದಿಲ್ಲ. ಕರ್ತೃವಿಲ್ಲದ ಇಂತಹ ವಾಕ್ಯಗಳನ್ನು ನಾವು ಕಲಿತದ್ದು ಕಚೇರಿಗಳಲ್ಲಿ.

ಹೇಳಬೇಕಾದುದನ್ನು ಹೇಳಿಯೂ ಮುಚ್ಚಿಡುವ ಇನ್ನೊಂದು ಬಗೆಯಿದೆ. ಗಮಕ ವಾಚನಗಳಲ್ಲಿಯೂ ಯಕ್ಷಗಾನದಲ್ಲಿಯೂ ನಾವೆಲ್ಲ ಕೇಳಿರುವ ದ್ರೋಣಪರ್ವದ ಪ್ರಸಂಗವನ್ನು ನೆನೆಯಬಹುದು. ಭೀಮ ಕೊಂದದ್ದು ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು. ಮಗ ಸತ್ತನೇ ಎಂದು ದ್ರೋಣರು ಕೇಳಿದಾಗ ಧರ್ಮರಾಯ ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಕೇಳಿಸದಂತೆ ಮೆಲ್ಲಗೆ ಹೇಳಿದ. ಅಕ್ಷರಶಃ ನೋಡಿದರೆ ಅವನ ವರದಿಯಲ್ಲಿ ಎಲ್ಲವೂ ಇತ್ತು. ಆದರೂ ನೆಲದಿಂದ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತೆನ್ನುತ್ತದೆ ಭಾರತ. ಹೇಳಿದೆನೋ ಇಲ್ಲವೋ ಎಂಬುದಷ್ಟೇ ಲೆಕ್ಕವಲ್ಲ, ಕೇಳುವವನಿಗೆ ತಲುಪಬೇಕೆಂಬ ಮನಸ್ಸಿನಿಂದ ಹೇಳಿದೆನೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಅದೇ ಪ್ರಸಂಗ ನಮ್ಮ ಕಾಲದಲ್ಲಿ ಬಾಹ್ಯಾಕಾಶ ಯಾನದ ಕಾಗದಪತ್ರಗಳಲ್ಲಿ ಮತ್ತೆ ನಡೆಯಿತು. ಕರ್ನಾಲಿನ ಮಗಳು ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿಯನ್ನು ಹೊತ್ತ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಮೇಲೇರಿತು. ಏರುವಾಗಲೇ ಇಂಧನ ತೊಟ್ಟಿಯ ಹೊದಿಕೆಯ ಒಂದು ದೊಡ್ಡ ನೊರೆಯ ತುಂಡು ಕಳಚಿ ಎಡ ರೆಕ್ಕೆಗೆ ಬಡಿಯಿತು. ಅದರಿಂದ ಅಪಾಯವಿದೆಯೇ ಎಂದು ಪರಿಶೀಲಿಸಿದ ಇಂಜಿನಿಯರರು, ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ, ಮೇಲಿನವರ ಮುಂದೆ ಪರದೆಯ ಮೇಲೆ ತಮ್ಮ ವರದಿಯನ್ನು ಇಟ್ಟರು. ಅದರ ಒಂದು ಪುಟ ಮುಂದೆ ಕುಪ್ರಸಿದ್ಧವಾಯಿತು. ತಲೆಬರಹ ಸಮಾಧಾನ ಹೇಳುವಂತಿತ್ತು. ಪುಟದ ಕೆಳಗೆ, ಎಲ್ಲಕ್ಕಿಂತ ಕಿರಿಯ ಉಪಾಂಶವಾಗಿ, ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲದ್ದು, ಈಗ ಬಡಿದಿರಬಹುದಾದದ್ದು 1920 ಘನ ಅಂಗುಲದ್ದು ಎಂಬ ಮಾತಿತ್ತು. 640 ಪಟ್ಟು! ಅಂದರೆ ಹಿಂದಿನ ಪರೀಕ್ಷೆಗಳಿಂದ ಈ ಪೆಟ್ಟಿನ ಬಗ್ಗೆ ಏನನ್ನೂ ಭರವಸೆಯಿಂದ ಹೇಳುವಂತಿರಲಿಲ್ಲ. ಆನೆಯ ಮಾತನ್ನು ಧರ್ಮರಾಯ ಬೇಕೆಂದೇ ಮೆಲ್ಲಗೆ ಹೇಳಿದ್ದ. ಇಲ್ಲಿ ಯಾರೂ ಬೇಕೆಂದು ಹಾಗೆ ಮಾಡಿರಲಿಕ್ಕಿಲ್ಲ. ಪರಿಣಾಮ ಮಾತ್ರ ಬೇರೆಯಾಗಲಿಲ್ಲ. ಫೆಬ್ರವರಿ 1ರಂದು ನೌಕೆ ಹಿಂದಿರುಗುವಾಗ ಆಕಾಶದಲ್ಲೇ ಛಿದ್ರವಾಯಿತು. ತನಿಖಾ ಮಂಡಳಿ ಆ ಪುಟವನ್ನು ತನ್ನ ವರದಿಯಲ್ಲಿ ಎತ್ತಿ ತೋರಿಸಿತು. ಹಾನಿ ಮೊದಲೇ ಮನದಟ್ಟಾಗಿದ್ದರೆ ಯಾತ್ರಿಕರನ್ನು ಉಳಿಸುವ ಪ್ರಯತ್ನಕ್ಕೆ, ಕಷ್ಟಸಾಧ್ಯವಾದರೂ, ದಾರಿಯಿತ್ತೆಂಬುದೂ ಆ ಪರಿಶೀಲನೆಯಲ್ಲಿ ಕಂಡುಬಂತು.

ಹಾಗಾದರೆ ಎಲ್ಲ ಹೊಣೆಯೂ ವರದಿ ಬರೆಯುವವನದೇ? ಗಟ್ಟಿಯಾಗಿ, ಮೊದಲ ಸಾಲಿನಲ್ಲೇ ಕೂಗಿ ಹೇಳಿದರೆ ಸಾಕೇ? ಅದೇ ನಾಸಾ ಸಂಸ್ಥೆಯ ಇನ್ನೊಂದು ನೌಕೆಯ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಕೊಲಂಬಿಯಾಕ್ಕೆ ಹದಿನೇಳು ವರ್ಷ ಮೊದಲು, 1986ರ ಜನವರಿ 28ರಂದು, ಚಾಲೆಂಜರ್ ಮೇಲೆದ್ದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಮಂದಿ ಸತ್ತರು. ಪಕ್ಕದ ರಾಕೆಟ್ಟಿನ ಕೀಲುಗಳನ್ನು ಬಿಗಿಯಾಗಿ ಮುಚ್ಚಬೇಕಿದ್ದ ರಬ್ಬರಿನ ಉಂಗುರಗಳು ಚಳಿಗೆ ಪೆಡಸಾಗಿ ಕೆಲಸ ಮಾಡದಿದ್ದುದು ಕಾರಣ. ಆ ರಾಕೆಟ್ಟನ್ನು ತಯಾರಿಸಿದ ಕಂಪನಿಯ ಇಂಜಿನಿಯರ್ ರೋಜರ್ ಬಾಯ್‌ಜೊಲಿ 1985ರ ಜುಲೈ 31ರಂದೇ, ಇದನ್ನು ಸರಿಪಡಿಸದಿದ್ದರೆ ಪ್ರಾಣಹಾನಿಯಾದೀತೆಂದು ಬರೆದಿದ್ದರು. ಅವರ ಸಹೋದ್ಯೋಗಿ ಬಾಬ್ ಎಬೆಲಿಂಗ್ ಅದೇ ಅಕ್ಟೋಬರಿನಲ್ಲಿ ಬರೆದ ಟಿಪ್ಪಣಿಯ ಮೊದಲ ಪದವೇ ‘ಸಹಾಯ’ ಎಂಬ ಮೊರೆ. ಹಾರಾಟದ ಹಿಂದಿನ ರಾತ್ರಿ ದೂರವಾಣಿಯಲ್ಲಿ ನಡೆದ ಸಭೆಯಲ್ಲಿ ಇಂಜಿನಿಯರರು, ಉಷ್ಣಾಂಶ 53 ಡಿಗ್ರಿ ಫ್ಯಾರನ್‌ಹೀಟಿಗಿಂತ, ಎಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿಗಿಂತ, ಕೆಳಗಿದ್ದರೆ ಹಾರಿಸಬಾರದೆಂದರು. ನಾಸಾದ ಕಡೆಯವರು ಅಸಮಾಧಾನ ತೋರಿದ ಮೇಲೆ ಕಂಪನಿಯ ಆಡಳಿತದವರು ತಮ್ಮ ಇಂಜಿನಿಯರರ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಹಾರಿಸುವ ಕೊನೆಯ ತೀರ್ಮಾನ ಮಾಡಿದವರಿಗೆ, ಮೊದಲು ಹೀಗೊಂದು ಲಿಖಿತ ವಿರೋಧ ಬಂದಿತ್ತೆಂಬುದೇ ತಿಳಿದಿರಲಿಲ್ಲವೆಂದು ರೋಜರ್ಸ್ ಆಯೋಗ ಕಂಡುಕೊಂಡಿತು.

ಕೆಳಗಿನ ಮೆಟ್ಟಿಲಿನಲ್ಲಿ ‘ಬೇಡ’ ಎಂದಿದ್ದ ಮಾತು ಒಂದೊಂದೇ ಮೆಟ್ಟಿಲು ಏರುತ್ತ, ತುದಿ ಮುಟ್ಟುವಾಗ ‘ಆಗಬಹುದು’ ಎಂದಾಗಿತ್ತು. ಆ ಆಯೋಗದ ಸದಸ್ಯರಾಗಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್, ಇಂತಹ ನೌಕೆ ನಾಶವಾಗುವ ಸಂಭವವೆಷ್ಟೆಂದು ವಿಚಾರಿಸಿದಾಗ ಇಂಜಿನಿಯರರ ಅಂದಾಜು ನೂರರಲ್ಲಿ ಒಂದರ ಸುಮಾರಿಗಿತ್ತು, ಆಡಳಿತದವರದು ಲಕ್ಷದಲ್ಲಿ ಒಂದು. ಒಂದೇ ಸಂಸ್ಥೆಯಲ್ಲಿ, ಒಂದೇ ಯಂತ್ರದ ವಿಷಯದಲ್ಲಿ ಸಾವಿರ ಪಟ್ಟು ಅಂತರ! ಮೇಲೆ ಹೋದಂತೆ ಹವೆ ತೆಳುವಾಗುವ ಹಾಗೆ ಸತ್ಯವೂ ತೆಳುವಾಗುತ್ತದೆಯೋ ಏನೋ.

ಆದುದರಿಂದ ವರದಿಗೆ ಎರಡು ಧರ್ಮಗಳಿವೆ. ಒಂದು ಹೇಳುವವನದು, ಇನ್ನೊಂದು ಕೇಳುವವನದು. ಐ.ಬಿ.ಎಂ. ಸಂಸ್ಥೆಯ ದೊಡ್ಡ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಈ ಎರಡನೆಯ ಧರ್ಮದ ಬಗ್ಗೆ ತಿಳಿವಳಿಕೆಯ ಮಾತು ಬರೆದಿದ್ದಾರೆ. ಕೈಕೆಳಗಿನವನು ಸ್ಥಿತಿಯನ್ನು ತಿಳಿಸಿದ ಕೂಡಲೆ ಮೇಲಧಿಕಾರಿ ಗಾಬರಿಯಾಗಿ ತಾನೇ ಕೈಹಾಕಿದರೆ, ಆ ಕೈಕೆಳಗಿನವನು ಮುಂದೆ ನಿಜ ಹೇಳುವುದನ್ನೇ ನಿಲ್ಲಿಸುತ್ತಾನೆ. ಸ್ಥಿತಿ ತಿಳಿಯುವ ಸಭೆ ಬೇರೆ, ಕ್ರಮ ಕೈಗೊಳ್ಳುವ ಸಭೆ ಬೇರೆ ಎಂಬ ವಿವೇಕ ಬೇಕೆಂಬುದು ಅವರ ಅಭಿಪ್ರಾಯದ ಸಾರ. ಮನೆಯ ಉದಾಹರಣೆಯೇ ಸಾಕು. ಅಂಕಪಟ್ಟಿ ನೋಡಿದೊಡನೆ ಕೈ ಎತ್ತುವ ತಂದೆಗೆ ಮಗ ಮುಂದಿನ ಸಲ ಅಂಕಪಟ್ಟಿಯನ್ನು ತೋರಿಸುತ್ತಾನೆಯೆ?

ಈ ಧರ್ಮವನ್ನು ಪಾಲಿಸಿದವರು ನಮ್ಮಲ್ಲೂ ಇದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-3ರ ಮೊದಲ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಅದರ ಯೋಜನಾ ನಿರ್ದೇಶಕರು ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷರಾಗಿದ್ದವರು, ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ಕಲಾಂ ಮುಂದೆ ಹಲವು ಸಲ ಸ್ಮರಿಸಿಕೊಂಡಂತೆ, ಅಂದು ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆಯನ್ನು ಹೊತ್ತವರು ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆಗೆ ಸೇರಿದಾಗ ಮಾತನಾಡಲು ಮುಂದೆ ಕಳುಹಿಸಿದ್ದು ಕಲಾಂ ಅವರನ್ನು. ನಾಯಕನ ಔದಾರ್ಯಕ್ಕೆ ನಿದರ್ಶನವಾಗಿ ಇದನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಸರಿಯೇ. ಆದರೆ ಇದರಿಂದ ಇನ್ನೂ ಒಂದು ಲಾಭವಿದೆ. ಸೋಲನ್ನು ತಿಳಿಸಿದರೆ ತಲೆ ಹೋಗುವುದಿಲ್ಲವೆಂದು ಕಂಡ ಕಿರಿಯರು, ಮುಂದೆ ಕವಾಟವೊಂದು ಸೋರುತ್ತಿದ್ದರೆ ಅದನ್ನು ಬಚ್ಚಿಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ವರದಿಯಲ್ಲಿ ಏನಿರಬೇಕೆಂಬ ಮೂಲ ಪ್ರಶ್ನೆಗೆ ನಮ್ಮ ತಿಳಿವಿಗೆ ಎಟುಕಿದಷ್ಟನ್ನು ಹೇಳುತ್ತೇವೆ.

ಮೊದಲನೆಯದಾಗಿ, ಯಾವುದು ಮುಗಿದಿದೆಯೋ ಅದು. ಬೇರೊಬ್ಬರು ಬಂದು ಕೈಯಿಂದ ಮುಟ್ಟಿ ನೋಡಬಹುದಾದುದು. ಶೇಕಡಾವಾರು ಲೆಕ್ಕವನ್ನು ಆದಷ್ಟೂ ದೂರವಿಡುವುದು ಮೇಲು. ‘ಟ್ಯಾಂಕಿಗೆ ನೀರು ತುಂಬಿಸಿ ಸೋರಿಕೆ ನೋಡಿ ಆಗಿದೆ’ ಎಂಬುದು ಸ್ಥಿತಿ, ‘ಶೇಕಡಾ 90’ ಎಂಬುದು ಆಸೆ. ನಡೆಸಿದ ಸಭೆಗಳ, ಓಡಾಡಿದ ಊರುಗಳ ಪಟ್ಟಿ ಬೇಡ. ನಮ್ಮ ಬೆವರಿಗೆ ಮನ್ನಣೆ ಕೇಳುವ ಜಾಗ ಇದಲ್ಲ.

ಎರಡನೆಯದಾಗಿ, ಕಳೆದ ಸಲ ಏನು ಮಾತು ಕೊಟ್ಟಿದ್ದೆವು, ಅದೇನಾಯಿತು ಎಂಬುದು. ಇದರ ಜೊತೆಗೆ ಮೊಟ್ಟಮೊದಲು ನಿಗದಿಯಾಗಿದ್ದ ದಿನಾಂಕವೂ ಇರಬೇಕು. ಕೇಂದ್ರ ಸರ್ಕಾರದ ಅಂಕಿಸಂಖ್ಯೆ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯವು 150 ಕೋಟಿ ರೂಪಾಯಿ ಹಾಗೂ ಅದಕ್ಕೂ ಮೇಲ್ಪಟ್ಟ ವೆಚ್ಚದ ಕೇಂದ್ರ ಯೋಜನೆಗಳ ಸ್ಥಿತಿಯನ್ನು ಹಲವು ವರ್ಷ ತಿಂಗಳು ತಿಂಗಳೂ ಪ್ರಕಟಿಸಿತು. ತೀರಾ ಇತ್ತೀಚಿನ ಪರಿಷ್ಕೃತ ದಿನಾಂಕದಿಂದ ಲೆಕ್ಕ ಹಾಕಿದರೆ ತಡವಾದ ಯೋಜನೆಗಳ ಸಂಖ್ಯೆ ಇಳಿಯುತ್ತದೆಂದು ಆ ವರದಿಗಳೇ ಹೇಳಿದ್ದವು. ಅನೇಕ ಯೋಜನೆಗಳಿಗೆ ಪರಿಷ್ಕೃತ ವೆಚ್ಚವನ್ನೂ ಮುಗಿಯುವ ದಿನಾಂಕವನ್ನೂ ಆಯಾ ಸಂಸ್ಥೆಗಳು ತಿಳಿಸುತ್ತಿಲ್ಲವೆಂಬ ಒಪ್ಪಿಗೆಯೂ ಅವುಗಳಲ್ಲಿತ್ತು. ಗುರಿಯ ಕಂಬವನ್ನೇ ಹಿಂದಕ್ಕೆ ನೆಟ್ಟುಕೊಂಡು ಓಡುವವನು ಎಂದೂ ಹಿಂದೆ ಬೀಳುವುದಿಲ್ಲ.

ಮೂರನೆಯದಾಗಿ, ಅಡ್ಡಿ, ಅದೂ ಕರ್ತೃಸಹಿತವಾಗಿ. ದೂಷಣೆಗಾಗಿ ಅಲ್ಲ, ಗಂಟು ಎಲ್ಲಿದೆಯೆಂದು ತಿಳಿದರೆ ಬಿಚ್ಚಬಹುದೆಂದು. ಆ ಮೇಜು ನಮ್ಮದೇ ಆಗಿದ್ದರೆ ‘ನಮ್ಮ ಮೇಜಿನ ಮೇಲಿದೆ’ ಎಂದೇ ಬರೆಯಬೇಕು. ನಾಲ್ಕನೆಯದಾಗಿ, ನಮಗೆ ಏನು ಗೊತ್ತಿಲ್ಲವೋ ಅದು. ಇದು ಎಲ್ಲಕ್ಕಿಂತ ಕಷ್ಟ. ‘ಗೊತ್ತಿಲ್ಲ’ ಎಂಬ ಪದ ನಮ್ಮ ಪದವಿಗೆ ಕುಂದೆಂದು ಭಾವಿಸಿ ಊಹೆಗೆ ಅಂಕಿಯ ಅಂಗಿ ತೊಡಿಸುತ್ತೇವೆ. ಕೊನೆಯದಾಗಿ, ಓದುವವನಿಂದ ಏನು ಬೇಕು, ಎಂದಿನೊಳಗೆ ಬೇಕು ಎಂಬುದು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಭಾರವಾದುದೋ ಅದು ಮೊದಲ ಸಾಲಿನಲ್ಲಿರಲಿ. ಧೃತರಾಷ್ಟ್ರನ ಬಳಿಗೆ ಬಂದ ಸಂಜಯ ಮೊದಲು ಭೀಷ್ಮರು ಬಿದ್ದ ಸುದ್ದಿಯನ್ನು ತಿಳಿಸಿ, ಆಮೇಲೆ ಹತ್ತು ದಿನಗಳ ಯುದ್ಧವನ್ನು ವಿವರಿಸಿದ. ನಲವತ್ತು ಪುಟಗಳ ನಡುವೆ ಅಡಗಿಸಿ ಹೇಳಿದ ಸತ್ಯವೂ ಮೆಲ್ಲಗೆ ಹೇಳಿದ ಸತ್ಯವೇ.

ಇದೆಲ್ಲ ಹೇಳುವುದು ಸುಲಭ, ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ನಡೆಯುವುದು ಕಷ್ಟವೆಂದು ಓದುಗರು ಹೇಳಬಹುದು. ನಿಜ. ಪರಸ್ಥಳದಲ್ಲಿ, ಬಂಧುಬಳಗದ ಆಸರೆಯಿಲ್ಲದೆ ದುಡಿಯುವವನಿಗೆ ಮೇಲಿನವರ ಮುಖ ಕೆಡುವುದೆಂದರೆ ಸಣ್ಣ ಭಯವಲ್ಲ. ಬಾಯ್‌ಜೊಲಿ ಅವರೂ ಸತ್ಯ ಹೇಳಿದ ಮೇಲೆ ತಮ್ಮ ಕಂಪನಿಯಲ್ಲಿ ನೆಮ್ಮದಿಯಿಂದ ಇರಲಾಗಲಿಲ್ಲ. ಎಲ್ಲರೂ ವೀರರಾಗಬೇಕೆಂದು ಕೇಳುವ ಅಧಿಕಾರ ನಮಗಿಲ್ಲ. ಶೇಕಡಾ 94 ಎಂದು ಬರೆದ ಕೈ ನಮ್ಮದೇ. ಆದರೆ ವರದಿಯನ್ನು ಓದುವವರ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬರು ಯಾವಾಗಲೂ ಇರುತ್ತಾರೆ, ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು. ಬರೆಯುವಾಗ ಅವರೂ ಹೆಗಲ ಹಿಂದೆ ನಿಂತು ಓದುತ್ತಿದ್ದಾರೆಂದು ನೆನೆದರೆ, ಭಯ ಹೋಗದಿದ್ದರೂ ವಾಕ್ಯ ನೆಟ್ಟಗಾದೀತು.

ಕೊನೆಗೆ ಆ ಹಳೆಯ ಕಾಗದಗಳಿಗೇ ಹಿಂದಿರುಗೋಣ. ‘ಕ್ಷೇಮ’ ಎಂದು ಬರೆದ ಮಗನನ್ನು ಸುಳ್ಳುಗಾರನೆನ್ನಲು ಮನಸ್ಸು ಬಾರದು. ದೂರದಲ್ಲಿರುವ ಹೆತ್ತವರು ಏನು ತಾನೆ ಮಾಡಿಯಾರು, ಸುಮ್ಮನೆ ಸಂಕಟಪಡಿಸುವುದೇಕೆ ಎಂಬ ಪ್ರೀತಿ ಅದು. ಊರಿನವರೂ ಅದೇ ಪ್ರೀತಿಯನ್ನು ನಮಗೆ ತೋರಿದರು. ತಂದೆ ಹಾಸಿಗೆ ಹಿಡಿದು ತಿಂಗಳಾದರೂ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದೇ ಬರೆಸಿದರು. ತಂತಿ ಬಂದಾಗ ಎರಡು ರಾತ್ರಿ ರೈಲಿನಲ್ಲಿ ಕಳೆದು ಊರು ಸೇರಿದರೆ, ಅಂತ್ಯಕ್ರಿಯೆ ಮುಗಿದಿರುತ್ತಿತ್ತು. “ನೀನು ಗಾಬರಿಯಾಗುತ್ತೀಯೆಂದು ತಿಳಿಸಲಿಲ್ಲ ಕಣೋ” ಎನ್ನುತ್ತಿದ್ದರು ಮನೆಯವರು. ನಮ್ಮ ಪೀಳಿಗೆಯ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಬಂದಿಲ್ಲ! ಹಿಂದಿನ ವಾರವೇ ಒಂದು ಸಾಲು ಬರೆದಿದ್ದರೆ ನಾವು ರೈಲು ಹತ್ತುತ್ತಿದ್ದೆವು. ಗುಣಪಡಿಸಲಾಗದಿದ್ದರೂ ಪಕ್ಕದಲ್ಲಿ ಕುಳಿತಿರುತ್ತಿದ್ದೆವು.

ಮುಂದಿನ ಸಲ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಎದ್ದು ನಿಂತು, ಕೈಗೆತ್ತಿಕೊಂಡ ಕೆಲಸ ಹಿಂದೆ ಬಿದ್ದಿದೆ, ಹಣ ಸಾಲದಾಗಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿದರೆ, ನಾವು ಗದ್ದಲವೆಬ್ಬಿಸದೆ ಕುಳಿತು ಕೇಳೋಣ. ಆಮೇಲೆ ಯಾರ ತಪ್ಪೆಂದು ವಿಚಾರಿಸುವ ಮುನ್ನ, ನಮ್ಮಿಂದ ಏನಾಗಬೇಕೆಂದು ಕೇಳೋಣ.